ಲೋಗೋ ಆಮೇಲೆ, ಮೊದಲು ಹಿಡಿ: ಹಳೇ ಸ್ಪೀಡಿ ಬ್ಯಾಗ್ ಕೊಳ್ಳುವಾಗ ನಾನು ಕಲಿತಿದ್ದು

ಸೆಕೆಂಡ್‌ಹ್ಯಾಂಡ್ ಲೂಯಿ ವಿಟಾನ್ ಬ್ಯಾಗ್ ಬಂದರೆ ನಾನು ಮೊದಲು ಹಿಡಿ ನೋಡುತ್ತೇನೆ ಅಂದಾಗ ನಮ್ಮ ವ್ಯಾಪಾರದವರು ಯಾರೂ ಒಪ್ಪಲಿಲ್ಲ. "ಅಕ್ಕ, ಬಿಸಿಲಿಗೆ ಬಣ್ಣ ತಿರುಗೋ ಚರ್ಮ ನಂಬ್ಕೊಂಡು ದುಡ್ಡು ಹಾಕ್ತೀರಾ?" ಅಂತ ಒಬ್ಬರು ಕೇಳಿಯೇ ಬಿಟ್ಟರು. ಕಳೆದ ಯುಗಾದಿಯಿಂದ ಈಚೆಗೆ ಹೆಚ್ಚುಕಮ್ಮಿ 60 ಬ್ಯಾಗ್ ನನ್ನ ಕೈ ದಾಟಿವೆ. ಒಂದೂ ವಾಪಸ್ ಬಂದಿಲ್ಲ.

ಅದಕ್ಕೆ ಮೊದಲು ಚೆನ್ನಾಗಿ ಪೆಟ್ಟು ತಿಂದಿದ್ದೇನೆ. 38 ಸಾವಿರ ಕೊಟ್ಟು ಲೂಯಿ ವಿಟಾನ್‌ನ ಸ್ಪೀಡಿ ಅನ್ನೋ ಕೈಚೀಲ, 30 ಸೈಜಿನದು, ಒಂದು ತಗೊಂಡೆ. ಅಕ್ಷರ ಸರಿ, ಹೊಲಿಗೆ ಸರಿ, ಎಲ್ಲಿ, ಯಾವಾಗ ಮಾಡಿದ್ದು ಅಂತ ಒಳಗೆ ಒತ್ತಿರುವ ಡೇಟ್ ಕೋಡೂ ಸರಿ. ಹಿಡಿ ಇನ್ನೂ ತಿಳಿ ಬಣ್ಣದಲ್ಲೇ ಇತ್ತು. ತಂದ ದಿನ ಜೋರು ಮಳೆ, ಬ್ಯಾಗ್ ನೆನೆಯಿತು. ಒಣಗಿದ ಮೇಲೆ ಹಿಡಿ ಮೇಲೆ ಒಂದು ಕಲೆಯೂ ಇಲ್ಲ! ಅಸಲಿ ವಚೆಟ್ಟಾ, ಅಂದರೆ ಹಿಡಿಗೆ ಬಳಸುವ ಬಣ್ಣ ಹಾಕದ ಚರ್ಮ, ಹೊಸದಾಗಿದ್ದಾಗ ಒಂದು ಹನಿ ನೀರನ್ನೂ ಬಿಡಲ್ಲ, ಹೀರಿಕೊಂಡು ಗುರುತು ಇಟ್ಟುಕೊಳ್ಳುತ್ತೆ. ನಾನು ಕೊಂಡಿದ್ದು ಸೂಪರ್ ಕಾಪಿ, ಅಸಲಿಯಂತೆಯೇ ಕಾಣೋ ನಕಲಿ. ಅಷ್ಟೂ ದುಡ್ಡು ಹೋಯಿತು.

ಇನ್ನೊಂದು ಸಲ ಉಲ್ಟಾ ಆಯಿತು. ಒಂದು ಬದಿಯಲ್ಲಿ ಎಲ್‌ವಿ ಗುರುತೆಲ್ಲ ತಲೆಕೆಳಗಾಗಿದೆ ಅಂತ ಒಂದು ಬ್ಯಾಗ್ ಬೇಡ ಅಂದೆ. ಸ್ಪೀಡಿಯ ಮೈಗೆ ಒಂದೇ ಉದ್ದ ತುಂಡು ಕ್ಯಾನ್ವಾಸ್. ತಳದಲ್ಲಿ ಹೊಲಿಗೆ ಇಲ್ಲ, ಹಾಗಾಗಿ ಒಂದು ಬದಿ ತಲೆಕೆಳಗಾಗಲೇಬೇಕು. ಇದು ಗೊತ್ತಾಗುವಷ್ಟರಲ್ಲಿ ಬೇರೆಯವರು ಕೊಂಡಾಗಿತ್ತು. ಏನಿಲ್ಲ ಅಂದರೂ 20 ಸಾವಿರ ಲಾಭ ತಪ್ಪಿತು.

ಆಮೇಲೆ ಮನೆ ತಾರಸಿಯಲ್ಲಿ ಪ್ರಯೋಗ ಶುರು ಮಾಡಿದೆ. ಬಣ್ಣ ಹಾಕದ ಚರ್ಮದ ಮೂರು ಪಟ್ಟಿ ತಂದೆ. ಒಂದಕ್ಕೆ ಅರ್ಧ ಟೇಪ್ ಸುತ್ತಿ ಬಿಸಿಲಿಗಿಟ್ಟೆ. ಇನ್ನೊಂದನ್ನು ಚಹಾ ಡಿಕಾಕ್ಷನ್‌ನಲ್ಲಿ ಅದ್ದಿದೆ, ಹಳೇದು ಅನ್ನಿಸೋಕೆ ನಕಲಿ ಮಾಡುವವರು ಚಹಾ ಬಳಸುತ್ತಾರೆ ಅಂತ ಕೇಳಿದ್ದೆ. ಮೂರನೆಯದು ದಿನಾ ನನ್ನ ಕೈಯಲ್ಲೇ ಇರುತ್ತಿತ್ತು. ಆರು ವಾರ ಆಗಿರಬೇಕು. ಬಿಸಿಲಿನದು ಮೇಲೆ ಜೇನುಬಣ್ಣ, ಟೇಪಿನ ಕೆಳಗೆ ಹಾಗೇ ಬೆಳ್ಳಗೆ. ಕೈಯದು ಹಿಡಿದ ಜಾಗದಲ್ಲಿ ಮಾತ್ರ ಕಪ್ಪಾಗಿ ಹೊಳೆಯುತ್ತಿತ್ತು. ಚಹಾದ್ದು ಮಾತ್ರ ಎಲ್ಲ ಕಡೆ ಒಂದೇ ಬಣ್ಣ. ಸೂಜಿ ತೂತಿನ ಒಳಗೂ, ಕತ್ತರಿಸಿದ ಅಂಚಿಗೂ ಇಳಿದಿತ್ತು.

ಈಗ ಹಿಡಿಯ ತುದಿಯ ಹಿತ್ತಾಳೆ ಬಳೆ ಸರಿಸಿ ಅದರಡಿ ಮುಚ್ಚಿಕೊಂಡ ಚರ್ಮ ನೋಡುತ್ತೇನೆ. ಅಲ್ಲಿ ತಿಳಿ ಬಣ್ಣ, ಕೈ ಹಿಡಿಯುವ ಕಡೆ ಗಾಢ. ಎರಡೂ ಕಡೆ ಒಂದೇ ಬಣ್ಣ ಇದ್ದರೆ ವಾಪಸ್ ಕೊಡುತ್ತೇನೆ. ಒಂದು ಎಚ್ಚರ ಇರಲಿ, ಅಸಲಿ ಬ್ಯಾಗಿಗೂ ಹಿಡಿ ಬದಲಾಯಿಸಿಕೊಂಡವರು ಇರುತ್ತಾರೆ. ಹಿಡಿ ಹೊಸದಾಗಿ ಕಂಡರೆ ಪಕ್ಕದ ಚರ್ಮದ ಪಟ್ಟಿ, ಜಿಪ್ ತುದಿಯ ಚರ್ಮ ನೋಡಿ, ಅವು ಹಳೇದಾಗಿರಬೇಕು ಅಲ್ವಾ.

ಡೇಟ್ ಕೋಡ್ ಎರಡನೇ ಹೆಜ್ಜೆ. 2007ರಿಂದ ಮೊದಲ ಮತ್ತು ಮೂರನೇ ಅಂಕಿ ವಾರ, ಎರಡನೇ ಮತ್ತು ನಾಲ್ಕನೇ ಅಂಕಿ ವರ್ಷ. 3029 ಅಂದರೆ 2009ರ 32ನೇ ವಾರ. ಒಬ್ಬರು ತಂದ ಬ್ಯಾಗಲ್ಲಿ 7029 ಅಂತ ಇತ್ತು, 72ನೇ ವಾರ ಎಲ್ಲಿದೆ? ಎಸ್‌ಪಿ ಅಕ್ಷರ ಕಂಡು ಸ್ಪೇನ್ ಅಂದುಕೊಳ್ಳುವವರೂ ಇದ್ದಾರೆ, ಅದು ಫ್ರಾನ್ಸ್ ಕೋಡ್. 2021ರಿಂದ ಈ ಕೋಡ್ ಬಿಟ್ಟು ಒಳಗೆ ಚಿಪ್ ಹಾಕುತ್ತಿದ್ದಾರೆ. ಹಾಗಂತ ಕೋಡ್ ಸರಿ ಇದ್ದ ಮಾತ್ರಕ್ಕೆ ನಂಬಬೇಡಿ, ನನ್ನ 38 ಸಾವಿರದ್ದೂ ಸರಿ ಇತ್ತು.

ಲೋಹದ ಭಾಗ ಅಸಲಿಯಾ ಅಂತ ನೋಡೋಕೆ ಆಯಸ್ಕಾಂತ ತಗೊಂಡು ಓಡಾಡಿದ್ದು ಸುಮ್ನೆ. ಹಿತ್ತಾಳೆಗೂ ಅಂಟಲ್ಲ, ಅಗ್ಗದ ಸತುವಿನ ಮಿಶ್ರಲೋಹಕ್ಕೂ ಅಂಟಲ್ಲ. ತೂಕ, ವಾಸನೆ ನಂಬಿಯೂ ಎರಡು ಸಲ ತಪ್ಪಿದೆ.

ಜಿಪ್ ಕೊನೆಯಲ್ಲಿ ನಾನು ನೋಡುವ ಇನ್ನೊಂದು ಜಾಗ ಇದೆ. ಅದನ್ನು ಬರೆಯಲ್ಲ, ಬರೆದರೆ ನಕಲಿ ಮಾಡುವವರು ಸರಿಮಾಡಿಕೊಳ್ಳುತ್ತಾರೆ.

ಅಂದು ನನ್ನನ್ನು ಪ್ರಶ್ನಿಸಿದವರು ಈಗ ಕೊಳ್ಳುವ ಮುಂಚೆ ನನಗೇ ಫೋಟೋ ಕಳಿಸುತ್ತಾರೆ. ನೀವೂ ಯಾರಿಗಾದರೂ ಕಳಿಸುವುದಾದರೆ ಬಳೆ ಸರಿಸಿ, ಹಗಲು ಬೆಳಕಲ್ಲಿ ತೆಗೆಯಿರಿ. ಟ್ಯೂಬ್‌ಲೈಟ್ ಕೆಳಗೆ ಎಲ್ಲ ಚರ್ಮವೂ ಒಂದೇ ಥರ ಕಾಣುತ್ತೆ.