ಡೌನ್‌ಲೋಡ್ ತೆವಳುತ್ತಿದೆಯೇ? ತಡೆ ಎಲ್ಲಿದೆ ನೋಡಿ

40 ಎಂಬಿಪಿಎಸ್ ಸಂಪರ್ಕಕ್ಕೆ ಹಣ ಕಟ್ಟಿದ್ದೀರಿ. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಆಟ ಇಳಿಸಿಕೊಳ್ಳಲು ಕುಳಿತರೆ ವೇಗ 5ರ ಆಸುಪಾಸಿನಲ್ಲೇ ನಿಂತಿದೆ. ಕೇಬಲ್‌ನವರ ಮೇಲೆ ರೇಗುವ ಮೊದಲು ಅಂಕಿಯ ಪಕ್ಕದ ಅಕ್ಷರಗಳನ್ನು ಗಮನಿಸಿ. ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಮೆಗಾಬಿಟ್. ಪರದೆಯ ಮೇಲಿರುವುದು ಮೆಗಾಬೈಟ್ ಆಗಿರಬಹುದು. 8 ಬಿಟ್‌ಗೆ 1 ಬೈಟ್. ಹಾಗಿದ್ದರೆ ನಿಮಗೆ ಬರಬೇಕಾದದ್ದು ಪೂರ್ತಿ ಬರುತ್ತಿದೆ.

ಅದಕ್ಕಿಂತ ತೀರಾ ಕಡಿಮೆಯಿದ್ದರೆ ಡೌನ್‌ಲೋಡ್ ನಿಲ್ಲಿಸಿ, ಅದೇ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ವೇಗ ಪರೀಕ್ಷಿಸಿ. ಮೊಬೈಲ್‌ನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ.

ಅಲ್ಲೂ ವೇಗವಿಲ್ಲವೇ? ರೂಟರ್‌ನಿಂದ ನೇರವಾಗಿ ಲ್ಯಾನ್ ಕೇಬಲ್ ಹಾಕಿ ಮತ್ತೆ ಪರೀಕ್ಷಿಸಿ. ಈಗ ಸರಿಯಾಗಿ ಬಂದರೆ ದೋಷ ವೈಫೈಯದು. ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಹಳೆಯ ಮನೆಗಳಲ್ಲಿ ದಪ್ಪ ಕಲ್ಲಿನ ಗೋಡೆಗಳಿರುತ್ತವೆ. ವೈಫೈ ಸಾಮಾನ್ಯವಾಗಿ 5 ಮತ್ತು 2.4 ಗಿಗಾಹರ್ಟ್ಸ್ ಎಂಬ ಎರಡು ಆವರ್ತನಗಳಲ್ಲಿ ಬರುತ್ತದೆ. ಹಜಾರದ ರೂಟರ್‌ನಿಂದ ಹೊರಟ 5 ಗಿಗಾಹರ್ಟ್ಸ್ ಸಂಕೇತ ಅಂಥ ಗೋಡೆಯೊಂದನ್ನು ದಾಟುವಷ್ಟರಲ್ಲೇ ಸೊರಗುತ್ತದೆ. 2.4 ಗಿಗಾಹರ್ಟ್ಸ್ ಒಳಕೋಣೆಯವರೆಗೆ ತಲುಪೀತು, ಆದರೆ ವೇಗ ಕಡಿಮೆ. ನೆರೆಮನೆಗಳ ವೈಫೈ ಗದ್ದಲವೂ ಅದರಲ್ಲೇ ಹೆಚ್ಚು. ಮೇಜಿನ ಮೇಲಿನ ಕಂಪ್ಯೂಟರ್ ದಿನವೂ ಜಾಗ ಬದಲಿಸುವುದಿಲ್ಲ. ಬಾಗಿಲ ಚೌಕಟ್ಟಿನ ಅಂಚಿನಲ್ಲಿ ಕೇಬಲ್ ಎಳೆಸಿಬಿಡುವುದೇ ಒಳ್ಳೆಯದು ಎನ್ನುತ್ತೇನೆ.

ಬ್ರೌಸರ್‌ನಲ್ಲಿ ವೇಗ ಸರಿಯಿದ್ದು ಸ್ಟೀಮ್ ಮಾತ್ರ ತೆವಳುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್ಸ್ ತೆರೆಯಿರಿ. ವೇಗಕ್ಕೆ ಮಿತಿ ಹಾಕಿದ್ದರೆ ತೆಗೆಯಿರಿ. ಡೌನ್‌ಲೋಡ್ ಪ್ರದೇಶವನ್ನೂ, ಅಂದರೆ ಯಾವ ಊರಿನ ಸರ್ವರ್‌ನಿಂದ ಕಡತ ಬರಬೇಕೆಂಬುದನ್ನೂ, ಬದಲಿಸಿ ನೋಡಿ. ಹತ್ತಿರದ ಬೆಂಗಳೂರೇ ಚುರುಕಾಗಿರಬೇಕೆಂದಿಲ್ಲ. ಸಂಜೆಯ ದಟ್ಟಣೆಯಲ್ಲಿ ಚೆನ್ನೈ ಅಥವಾ ಮುಂಬೈ ವಾಸಿ ಎನಿಸಬಹುದು.

ಬಹಳ ಜನ ನೋಡದೇ ಬಿಡುವುದು ಹಾರ್ಡ್ ಡಿಸ್ಕನ್ನು. ಸ್ಟೀಮ್‌ನ ಕಡತಗಳು ಕುಗ್ಗಿಸಿದ ರೂಪದಲ್ಲಿ ಬರುತ್ತವೆ. ಬಂದ ಹಾಗೆ ಬಿಚ್ಚಿ ಡಿಸ್ಕಿಗೆ ಬರೆಯಬೇಕು. ಹಳೆಯ ಡಿಸ್ಕ್ ಬರೆದು ಮುಗಿಸುವವರೆಗೆ ಡೌನ್‌ಲೋಡ್ ಕಾಯುತ್ತದೆ. ಸ್ಟೀಮ್‌ನ ಡೌನ್‌ಲೋಡ್ ಪುಟದ ಗ್ರಾಫ್‌ನಲ್ಲಿ ನೆಟ್‌ವರ್ಕ್ ಸೊನ್ನೆಗೆ ಕುಸಿದು ಡಿಸ್ಕ್ ಗೆರೆ ಮಾತ್ರ ಏರುತ್ತಿದ್ದರೆ ಕಾರಣ ಇದೇ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ ಕಾಲಂ 100% ಮುಟ್ಟಿ ಅಲ್ಲೇ ನಿಂತಿದ್ದರೆ ಅನುಮಾನವೇ ಬೇಡ. ದಯವಿಟ್ಟು ಇನ್ನೂ ದುಬಾರಿ ಯೋಜನೆಗೆ ಹಣ ಸುರಿಯಬೇಡಿ. ಅದೇ ಹಣವನ್ನು ಹಾರ್ಡ್ ಡಿಸ್ಕ್‌ಗಿಂತ ಬಹಳ ವೇಗವಾಗಿ ಬರೆಯುವ ಎಸ್‌ಎಸ್‌ಡಿಗೆ ಹಾಕಿ.

ಕೇಬಲ್ ಹಾಕಿದರೂ ಎಲ್ಲ ಕಡೆ ವೇಗ ಕಡಿಮೆಯೇ ಇದ್ದರೆ ಆಗ ದೂರು ಕೊಡಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಪರೀಕ್ಷಿಸಿ ಸಮಯ, ಅಂಕಿ ಎರಡನ್ನೂ ಬರೆದಿಟ್ಟುಕೊಂಡರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಫೈಬರ್ ತಂತಿ ಚೂಪಾಗಿ ಬಾಗಿದರೆ ಸಂಕೇತ ಕುಂದುತ್ತದೆ; ರಿಪೇರಿಗೆ ಬಂದವರಿಗೆ ಅದು ಮನೆಯೊಳಗೆ ಬರುವ ಕಿಟಕಿಯ ಮೂಲೆಯನ್ನೂ ತೋರಿಸಿ.