ಕೆಳಗಿನ ಪ್ಯಾರಾಥೈರಾಯ್ಡ್ ಹುಡುಕೋದು ನಾನು ಕಲ್ತಿದ್ದು ಹೀಗೆ

ಥೈರಾಯ್ಡ್ ಹಿಂದೆ ಅಂಟ್ಕೊಂಡು, ರಕ್ತದ ಕ್ಯಾಲ್ಸಿಯಂ ಕಾಪಾಡೋ ಪುಟ್ಟ ಗ್ರಂಥಿಗಳೇ ಪ್ಯಾರಾಥೈರಾಯ್ಡ್, ಸಾಮಾನ್ಯವಾಗಿ ನಾಲ್ಕು, ಮೇಲೆ ಎರಡು ಕೆಳಗೆ ಎರಡು. ಎಂಬಿಬಿಎಸ್ ಮೊದಲ ವರ್ಷ ಎಂಬ್ರಿಯಾಲಜಿ (ಭ್ರೂಣ ಬೆಳೆಯೋ ಪಾಠ) ಅಂದ್ರೆ ನಂಗೆ ಬರೀ ಬಾಯಿಪಾಠ, ಮೂರನೇ ಪೌಚಿಂದ (ಭ್ರೂಣದ ಗಂಟಲಲ್ಲಿರೋ ಚೀಲದಂಥ ಭಾಗ) ಕೆಳಗಿನ ಪ್ಯಾರಾಥೈರಾಯ್ಡು, ನಾಲ್ಕನೇದ್ರಿಂದ ಮೇಲಿನದು, ವೈವಾದಲ್ಲಿ ಹೇಳ್ದೆ, ಮರ್ತೆ. ಅದು ಯಾಕೆ ಬೇಕು ಅಂತ ಅರ್ಥ ಆಗಿದ್ದು ಸರ್ಜರಿ ಪಿಜಿ ಮಾಡ್ವಾಗ, ಒಬ್ರು ಅಮ್ಮನ ಕೇಸಲ್ಲಿ.

ಅವ್ರಿಗೆ ಕತ್ತಿನ ಎರಡೂ ಕಡೆ ದೊಡ್ಡ ಗಡ್ಡೆ, ಪೂರ್ತಿ ಥೈರಾಯ್ಡ್ ತೆಗೆದ್ವಿ, ಒಂದು ಕಡೆ ನಾನೇ ಮಾಡಿದ್ದು. ಕೆಳಗಿನ ಪ್ಯಾರಾಥೈರಾಯ್ಡ್ ಕಾಣ್ಲಿಲ್ಲ, ಎಲ್ಲೋ ಇರುತ್ತೆ ಅನ್ಕೊಂಡು ಮುಂದೆ ಹೋಗ್ಬಿಟ್ಟೆ. ಮಾರನೇ ದಿನ ಸಂಜೆ ರೌಂಡ್ಸಿಗೆ ಹೋದ್ರೆ "ಡಾಕ್ಟ್ರೇ, ತುಟಿ ಸುತ್ತ ಇರುವೆ ಹರಿದಂಗಾಗ್ತಿದೆ, ಬೆರಳೆಲ್ಲ ಜುಮ್ ಅಂತಿದೆ" ಅಂದ್ರು. ಕಿವಿ ಮುಂದೆ ಮೆಲ್ಲಗೆ ಬೆರಳಲ್ಲಿ ತಟ್ಟಿದೆ, ಬಾಯಿ ಮೂಲೆ ಪಟಕ್ ಅಂತ ಎಳೀತು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿತ್ತು. ಕ್ಯಾಲ್ಸಿಯಂ ಗ್ಲುಕೋನೇಟ್ ನಿಧಾನಕ್ಕೆ ಐವಿ ಕೊಡ್ತಾ, ಇಸಿಜಿ ಮಾನಿಟರ್ ನೋಡ್ತಾ ಪಕ್ಕದಲ್ಲೇ ಕೂತಿದ್ದೆ. ಆಮೇಲೆ ಪೆಥಾಲಜಿ ರಿಪೋರ್ಟ್ ಬಂತು, ಗಡ್ಡೆ ಜೊತೆ ಒಂದು ಪ್ಯಾರಾಥೈರಾಯ್ಡೂ ಹೋಗಿದೆ ಅಂತ. ಉಳಿದವಕ್ಕೂ ರಕ್ತ ಸರಿಯಾಗಿ ಸಿಕ್ತಿರ್ಲಿಲ್ಲ ಅನ್ಸುತ್ತೆ. ಕೆಲವು ವಾರ ಮಾತ್ರೆ ತಗೊಂಡು ಅವ್ರು ಸರಿಹೋದ್ರು, ನಂಗೆ ಮಾತ್ರ ತುಂಬ ದಿನ ಮನಸ್ಸಿಗೆ ಸಮಾಧಾನ ಇರ್ಲಿಲ್ಲ.

ಹಳೇ ನೋಟ್ಸ್ ಮತ್ತೆ ತೆಗೆದೆ. ಭ್ರೂಣದಲ್ಲಿ ಮೂರನೇ ಪೌಚ್ ಇರೋದು ನಾಲ್ಕನೇದಕ್ಕಿಂತ ಮೇಲೆ, ಆದ್ರೆ ಅದ್ರಿಂದಾನೇ ಥೈಮಸ್ಸೂ (ಎದೆಯೊಳಗಿನ ರೋಗನಿರೋಧಕ ಗ್ರಂಥಿ) ಹುಟ್ಟುತ್ತೆ, ಥೈಮಸ್ ಎದೆಗೆ ಇಳಿಯುವಾಗ ಆ ಪ್ಯಾರಾಥೈರಾಯ್ಡನ್ನೂ ಎಳ್ಕೊಂಡು ಬರುತ್ತೆ, ಹಂಗಾಗಿ ಮೇಲೆ ಹುಟ್ಟಿದ್ದು ಕೆಳಗಿನದಾಗುತ್ತೆ. ದಾರಿ ಉದ್ದ ಆದಷ್ಟೂ ಎಲ್ಲಿ ಬೇಕಾದ್ರೂ ನಿಂತ್ಬಿಡಬಹುದು, ದವಡೆ ಮೂಲೆಯಿಂದ ಹಿಡಿದು ಎದೆಯೊಳಗಿನ ಥೈಮಸ್‌ವರೆಗೂ. ನಾಲ್ಕನೇದ್ರದು ಹೆಚ್ಚು ಓಡಾಡಲ್ಲ, ಅದಕ್ಕೆ ಮೇಲಿನದು ಬೇಗ ಸಿಗುತ್ತೆ, ಹೆಚ್ಚಿನವ್ರಲ್ಲಿ ರಿಕರೆಂಟ್ ನರ್ವೂ (ಧ್ವನಿಪೆಟ್ಟಿಗೆಗೆ ಹೋಗೋ ನರ) ಇನ್‌ಫೀರಿಯರ್ ಥೈರಾಯ್ಡ್ ಆರ್ಟರಿನೂ (ಥೈರಾಯ್ಡಿಗೆ ರಕ್ತ ತರೋ ಕೆಳಗಿನ ನಾಳ) ಒಂದನ್ನೊಂದು ದಾಟೋ ಜಾಗದಿಂದ ಸುಮಾರು 1 ಸೆಂ.ಮೀ. ಮೇಲೆ, ನರ್ವಿನ ಹಿಂದೆ. ಕೆಳಗಿನದು ನರ್ವಿನ ಮುಂದೆ. ಈ ಹಿಂದೆ-ಮುಂದೆ ಲೆಕ್ಕ ನನ್ನ ಕೈ ಹಿಡಿದಷ್ಟು ಇನ್ಯಾವ್ದೂ ಹಿಡಿದಿಲ್ಲ.

ಒಂದೊಂದು ಪ್ಯಾರಾಥೈರಾಯ್ಡೂ ಇರೋದೇ ಬೇಳೆಕಾಳಿನಷ್ಟು, ತೂಕ 30-50 ಮಿಲಿಗ್ರಾಂ. ಮನುಷ್ಯರಲ್ಲಿ ಇದನ್ನ ಗುರುತಿಸಿ 1880ರಲ್ಲಿ ಬರೆದಿದ್ದು ಸ್ವೀಡನ್ನಿನ ಉಪ್ಸಾಲಾದ ಮೆಡಿಕಲ್ ವಿದ್ಯಾರ್ಥಿ ಐವಾರ್ ಸ್ಯಾಂಡ್‌ಸ್ಟ್ರಾಮ್, ಅಲ್ಲಿತನಕ ಅಷ್ಟೊಂದು ದೇಹ ಕೊಯ್ದವ್ರು ಇದನ್ನ ಬೇರೆ ಗ್ರಂಥಿ ಅಂತ ಸರಿಯಾಗಿ ಗುರುತಿಸಿರ್ಲಿಲ್ಲ ಅಂದ್ರೆ ನೋಡಿ.

ಈಗ ನಾನು ಮಾಡೋದು ಏನಂದ್ರೆ, ಆ ಇನ್‌ಫೀರಿಯರ್ ಥೈರಾಯ್ಡ್ ಆರ್ಟರಿನ ಬುಡದಲ್ಲಿ ಕಟ್ಟೋದೇ ಇಲ್ಲ, ಯಾಕಂದ್ರೆ ಸಾಮಾನ್ಯವಾಗಿ ನಾಲ್ಕಕ್ಕೂ ರಕ್ತ ಬರೋದು ಅದ್ರಿಂದಾನೇ, ಥೈರಾಯ್ಡಿನ ಕ್ಯಾಪ್ಸೂಲಿಗೆ (ಹೊರಪದರಕ್ಕೆ) ಅಂಟ್ಕೊಂಡು ಸಣ್ಣ ಸಣ್ಣ ಕೊಂಬೆ ಒಂದೊಂದಾಗಿ ಕಟ್ತೀನಿ. ಕೊಬ್ಬು ತೆಳು ಹಳದಿ, ಪ್ಯಾರಾಥೈರಾಯ್ಡ್ ಸ್ವಲ್ಪ ಕಂದು ತಿರುಗಿದ ಹಳದಿ, ರಕ್ತದಲ್ಲಿ ನೆನೆದ್ರೆ ಎರಡೂ ಒಂದೇ ಥರ ಕಾಣುತ್ತೆ, ಅದಕ್ಕೆ ಜಾಗ ಒಣಗಿರ್ಲೇಬೇಕು. ಕೆಳತುದಿಲಿ ಸಿಗ್ಲಿಲ್ವಾ, ಥೈಮಸ್ ಕಡೆ ಹೋಗೋ ಕೊಬ್ಬಿನ ಎಳೆ ಹಿಡ್ಕೊಂಡು ಇಳೀತೀನಿ, ಎಷ್ಟೋ ಸಲ ಅಲ್ಲೇ ಸಿಕ್ಕಿದೆ.

ತೆಗೆದ ಗಡ್ಡೆನ ಲ್ಯಾಬಿಗೆ ಕಳ್ಸೋ ಮುಂಚೆ ತಿರುಗ್ಸಿ ಹಿಂಭಾಗ ಪೂರ್ತಿ ನೋಡ್ತೀನಿ. ಅನುಮಾನ ಬಂದ ಚೂರನ್ನ ಸಲೈನ್ ಬಟ್ಟಲಿಗೆ ಹಾಕಿದ್ರೆ ಕೊಬ್ಬು ಸಾಮಾನ್ಯವಾಗಿ ತೇಲುತ್ತೆ, ಪ್ಯಾರಾಥೈರಾಯ್ಡ್ ಮುಳುಗುತ್ತೆ. ಆಮೇಲೆ ಅದರ ಒಂದು ತುಣುಕು ಫ್ರೋಜನ್ ಸೆಕ್ಷನ್‌ಗೆ (ಆಪರೇಷನ್ ನಡೀತಿರುವಾಗ್ಲೇ ಮಾಡೋ ಲ್ಯಾಬ್ ಪರೀಕ್ಷೆ) ಹೋಗುತ್ತೆ, ಹೌದು ಅಂತ ಉತ್ತರ ಬಂದ್ರೆ ಉಳಿದಿದ್ದನ್ನ ಸುಮಾರು 1 ಮಿ.ಮೀ. ಚೂರು ಮಾಡಿ ಅವ್ರ ಕತ್ತಿನ ಸ್ನಾಯುವಿನೊಳಗೇ ಇಟ್ಟು ಹೊಲಿದು ಬರ್ತೀನಿ.