‘ತಪ್ಪಾಯ್ತು’ ಅನ್ನಬೇಡಿ, ‘ತಪ್ಪು ಮಾಡಿದೆ’ ಅನ್ನಿ

2012ರಲ್ಲಿ ನಮ್ಮ ಚರ್ಚಿನ ಸುಗ್ಗಿ ಹಬ್ಬಕ್ಕೆ ಕಾಣಿಕೆಯಾಗಿ ಬಂದ ವಸ್ತುಗಳ ಹರಾಜಿನ ದುಡ್ಡನ್ನು ಎಣಿಸಿದ್ದು ಇಬ್ಬರು. ಒಬ್ಬ ನಾನು. ಇನ್ನೊಬ್ಬರು ನಮ್ಮ ಹುಬ್ಬಳ್ಳಿ ಸಭೆಯ (ನಾವು ಚರ್ಚಿಗೆ ಸಭೆ ಅಂತೀವಿ) ಹಿರಿಯರು, ನಾನು ಅಣ್ಣಾರು ಅಂತ ಕರೆಯುವವರು. ಕುಂಬಳಕಾಯಿ, ಜೋಳದ ತೆನೆ, ಬೆಲ್ಲ, ಕೋಳಿ, ಹೀಗೆ ಏನೇನೋ ಸೇರಿ 31,650 ರೂಪಾಯಿ ಆಗಿತ್ತು. ಮರುದಿನ ಬ್ಯಾಂಕಿಗೆ ಕಟ್ಟೋಣ ಅಂತ ಪೆಟ್ಟಿಗೆ ನನ್ನ ಮನೆಗೆ ಬಂತು. ಬೆಳಿಗ್ಗೆ ನೋಡಿದರೆ ಬಟ್ಟೆ ವ್ಯಾಪಾರಿ ಬಾಕಿಗಾಗಿ ನನ್ನ ಟೈಲರ್ ಅಂಗಡಿ ಮುಂದೆ ನಿಂತಿದ್ದಾರೆ. ಶನಿವಾರ ವಾಪಸ್ ಇಟ್ಟರಾಯ್ತು ಅಂತ 6,400 ತೆಗೆದೆ. ಶನಿವಾರ ನನ್ನ ಹತ್ತಿರ ದುಡ್ಡಿರಲಿಲ್ಲ. ಕಮಿಟಿಯಲ್ಲಿ ಲೆಕ್ಕ ಕೇಳಿದಾಗ ‘ಎಣಿಕೆಯಲ್ಲಿ ಏನೋ ಹೆಚ್ಚುಕಮ್ಮಿ ಆಗಿರಬೇಕು’ ಅಂದೆ. ಎಣಿಕೆಯ ಚೀಟಿ ಬರೆದವರು ಅಣ್ಣಾರು. ಎಲ್ಲರೂ ಅವರ ಕಡೆ ನೋಡಿದರು. ಮುಂದಿನ ತಿಂಗಳಿಂದ ಅವರು ಕಮಿಟಿಗೆ ಬರಲಿಲ್ಲ.

ಇದನ್ನು ಸರಿಮಾಡಲು ನನಗೆ ಹನ್ನೊಂದು ವರ್ಷ ಹಿಡಿಯಿತು. ನಿಮಗೂ ಇಂಥದ್ದೊಂದು ಒಳಗೆ ಕೊರೆಯುತ್ತಿದ್ದರೆ, ಇಷ್ಟು ವರ್ಷ ಕಳೆಯದೆ ಹೇಗೆ ಮುಂದೆ ಹೋಗಬಹುದು ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಿಮ್ಮ ತಪ್ಪನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ನಾನು’ ಅಂತ ಶುರುವಾಗಬೇಕು. ನಮ್ಮ ಭಾಷೆಯಲ್ಲಿ ‘ತಪ್ಪಾಯ್ತು’ ಅನ್ನೋದು ಬಹಳ ಸುಲಭ. ಮಳೆ ಬಂತು, ಕರೆಂಟ್ ಹೋಯ್ತು, ತಪ್ಪಾಯ್ತು. ಯಾರು ಮಾಡಿದರು ಅಂತ ಅದರಲ್ಲಿ ಇಲ್ಲವೇ ಇಲ್ಲ! ‘ತಿಳಿದೂ ತಿಳಿಯದೆಯೂ ಮಾಡಿದ ಪಾಪಗಳನ್ನು ಕ್ಷಮಿಸು ಕರ್ತನೇ’ ಅಂತ ನಾನು ಎಷ್ಟೋ ವರ್ಷ ಪ್ರಾರ್ಥಿಸಿದೆ. ನಾನು ತಿಳಿದೇ ಮಾಡಿದ್ದೆ. ಪ್ರವಾದಿ ನಾತಾನನು ಬಂದು ಬೆರಳು ತೋರಿಸಿದಾಗ ಅರಸ ದಾವೀದ ಒಂದೇ ಮಾತಲ್ಲಿ ಪಾಪ ಒಪ್ಪಿಕೊಳ್ಳುತ್ತಾನೆ, ಬೈಬಲಿನ 2 ಸಮುವೇಲ 12 ಓದಿ ನೋಡಿ. ಕಾರಣ, ವಿವರಣೆ ಏನೂ ಇಲ್ಲ. ನನ್ನ ವಾಕ್ಯ ಬರೆಯಲು ನಾಲ್ಕು ಹಾಳೆ ಹರಿದೆ. ಮೂರರಲ್ಲಿ ಬಟ್ಟೆ ವ್ಯಾಪಾರಿ ಇದ್ದರು. ನಾಲ್ಕನೆಯದರಲ್ಲಿ ‘ತಾತ್ಕಾಲಿಕವಾಗಿ’ ಅನ್ನುವ ಪದ ಇತ್ತು. ಕೊನೆಗೆ ಉಳಿದದ್ದು: ‘ನಾನು ಸಭೆಯ ದುಡ್ಡು ಕದ್ದೆ, ಅಣ್ಣಾರ ಮೇಲೆ ಅನುಮಾನ ಬರಲು ಬಿಟ್ಟೆ.’ ಬರೆದ ಮೇಲೆ ಗೊತ್ತಾಯಿತು, ಎರಡನೆಯದೇ ದೊಡ್ಡದು.

ಆಮೇಲೆ ಒಬ್ಬರಿಗೆ ಹೇಳಿ. ಒಬ್ಬರಿಗೆ ಸಾಕು. ಕಥೋಲಿಕ ಬಂಧುಗಳಿಗೆ ಪಾದ್ರಿಗಳ ಹತ್ತಿರ ಪಾಪನಿವೇದನೆ ಮಾಡುವ ಪದ್ಧತಿ ಇದೆ. ನಮ್ಮಲ್ಲಿ ಆರಾಧನೆಯಲ್ಲಿ ಪಾಪದ ಅರಿಕೆಯನ್ನು ಎಲ್ಲರೂ ಒಟ್ಟಿಗೆ ಓದುತ್ತೇವೆ. ಅದು ಒಳ್ಳೆಯದೇ, ಆದರೆ ಇನ್ನೂರು ದನಿಯಲ್ಲಿ ನನ್ನ ದನಿ ಹಾಯಾಗಿ ಅಡಗಿಕೊಂಡಿತ್ತು. ನಾನು ನಿವೃತ್ತ ಸಭಾಪಾಲಕರೊಬ್ಬರಿಗೆ (ಪಾಸ್ಟರ್) ಹೇಳಿದೆ. ಬಾಯಿ ಬಿಗಿ ಇರುವವರನ್ನು ಆರಿಸಿ. ಮತ್ತೆ, ಈ ಹಂತದಲ್ಲಿ ಸಾಕ್ಷಿ (ದೇವರು ನನ್ನನ್ನು ಹೇಗೆ ಬದಲಾಯಿಸಿದ ಅನ್ನುವ ಕಥೆ) ಹೇಳಲು ಮೈಕ್ ಮುಂದೆ ಮಾತ್ರ ಹೋಗಬೇಡಿ. ಸಾಕ್ಷಿ ಹೇಳುತ್ತಾ ಹೇಳುತ್ತಾ ಪಾಪಿಯೇ ಕಥೆಯ ಹೀರೋ ಆಗುವುದನ್ನು ಬೇಕಾದಷ್ಟು ನೋಡಿದ್ದೇನೆ.

ಸಭಾಪಾಲಕರಿಗೆ ನಾನು ಹೇಳಿದ ಮೊದಲ ಸಮಾಧಾನ ಏನು ಗೊತ್ತಾ? ‘ದುಡ್ಡು ವಾಪಸ್ ಹಾಕಿದ್ದೇನೆ ಅಯ್ಯಾ.’ ನಿಜ. ಎರಡು ವರ್ಷ ಹೆಸರಿಲ್ಲದ ಕಾಣಿಕೆ ಲಕೋಟೆಗಳಲ್ಲಿ 6,400 ಅಲ್ಲ, 8,000 ಹಾಕಿದ್ದೆ. ಅವರು ಬೈಬಲಿನ ಅರಣ್ಯಕಾಂಡ 5:7 ತೆಗೆಯಲು ಹೇಳಿದರು. ಅಲ್ಲಿ ಮೊದಲು ಪಾಪ ಒಪ್ಪಿಕೊಳ್ಳಬೇಕು, ಆಮೇಲೆ ನಷ್ಟದ ಜೊತೆ ಐದನೆಯ ಒಂದು ಪಾಲು ಸೇರಿಸಿ, ಯಾರಿಗೆ ಅನ್ಯಾಯವಾಯಿತೋ ಅವರಿಗೆ ಕೊಡಬೇಕು ಅಂತಿದೆ. ‘ಅವನ ಹೆಸರು ಹೋಗೇತಲ್ಲ, ಅದನ್ನ ಯಾವ ಲಕೋಟೆದಾಗ ಹಾಕ್ತಿ?’ ಅಂದರು.

ನನ್ನ ಹತ್ತಿರ ಇನ್ನೊಂದು ಗುರಾಣಿ ಇತ್ತು, ಫಿಲಿಪ್ಪಿ 3:13. ಹಿಂದಿನದನ್ನು ಮರೆತು ಮುಂದಕ್ಕೆ ಹೋಗುವ ವಚನ. ಕ್ಯಾಲೆಂಡರ್‌ನಲ್ಲೂ ಇರುತ್ತೆ. ಅದೇ ಅಧ್ಯಾಯವನ್ನು ಮೇಲಿನಿಂದ ಓದಿ. ಆ ಪತ್ರ ಬರೆದ ಅಪೊಸ್ತಲ ಪೌಲ ಅಲ್ಲಿ ಪಟ್ಟಿ ಮಾಡುವುದು ಹೆಚ್ಚಾಗಿ ತನ್ನ ಹೆಗ್ಗಳಿಕೆಗಳನ್ನು: ಎಂಟನೆಯ ದಿನದ ಸುನ್ನತಿ, ಬೆನ್ಯಾಮೀನನ ಕುಲ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯ. ಸಭೆಯನ್ನು ಹಿಂಸಿಸಿದ್ದನ್ನು ಅವನು ಮರೆಯಲೇ ಇಲ್ಲ, 1 ಕೊರಿಂಥ 15ರಲ್ಲಿ ತಾನೇ ಬರೆದುಕೊಳ್ಳುತ್ತಾನೆ. ಈ ವಚನ ಹಿಡಿದುಕೊಂಡು ಸಾಲ ಮರೆಯಬೇಡಿ.

ಇನ್ನು ಕಷ್ಟದ ಕೆಲಸ. ಮತ್ತಾಯ 5:23–24ರ ಪ್ರಕಾರ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗಬೇಕು. ಫೋನ್ ಮಾಡಿ ಸಮಯ ಕೇಳಿ ಹೋಗಿ. ಹಬ್ಬದ ದಿನ, ಸಾವಿನ ಮನೆ, ಮಂದಿ ಇರುವ ಹೊತ್ತು ಬೇಡ. ಮನೆಗೆ ಬರಬೇಡ ಅಂದರೆ ಒಂದು ಪತ್ರ ಬರೆದು ಸುಮ್ಮನಾಗಿ. ಬರೆದ ವಾಕ್ಯವನ್ನೇ ಹೇಳಿ. ‘ಆದರೆ’ ಬಾಯಿಗೆ ಬಂದರೆ ನುಂಗಿಬಿಡಿ. ‘ಕ್ಷಮಿಸಿದೆ ಅನ್ನಿ’ ಅಂತ ಒತ್ತಾಯಿಸಬೇಡಿ, ಅದು ಮತ್ತೊಂದು ವಸೂಲಿ. ನಾನು 2023ರ ಶ್ರಮಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಹೋದೆ. ವೈನಿ, ಅಣ್ಣಾರ ಹೆಂಡತಿ, ಚಹಾ ತಂದರು. ಹೇಳಿದೆ. ಅಣ್ಣಾರು ಬಹಳ ಹೊತ್ತು ಸುಮ್ಮನಿದ್ದು, ‘ಹನ್ನೊಂದು ವರ್ಷ ಆತು. ಈಗ ಹೇಳಾಕ ಬಂದೀ?’ ಅಂದು ಎದ್ದು ಒಳಗೆ ಹೋದರು. ಚಹಾ ಆರಿಹೋಗಿತ್ತು. ಕುಡಿದೇ ಬಂದೆ.

ಮುಂದಿನ ವಾರ ಕಮಿಟಿಯಲ್ಲಿ ಹೇಳಿದೆ, ನಡಾವಳಿ ಪುಸ್ತಕದಲ್ಲಿ ಬರೆಸಿದೆ. ಆರೋಪ ಎಲ್ಲಿ ಬಂದಿತ್ತೋ ಅಲ್ಲೇ ಅದು ಇಳಿಯಬೇಕು ಅಲ್ವಾ? ಕೆಲವರು ಮಾತು ಬಿಟ್ಟರು. ಅಂಗಡಿಗೂ ಇಬ್ಬರು ಬರುವುದು ನಿಲ್ಲಿಸಿದರು. ಇದಕ್ಕೆ ತಯಾರಿರಿ.

ಆಮೇಲೆ ನಿಮ್ಮ ತಪ್ಪಿನ ಬೇರು ಹುಡುಕಿ. ಯೇಸುವಿನ ಶಿಷ್ಯ ಪೇತ್ರ ಕೆಂಡದ ಬೆಂಕಿಯ ಬಳಿ ಜನರಿಗೆ ಹೆದರಿ ಯೇಸುವನ್ನು ಅರಿಯೆನೆಂದ. ಯೋಹಾನ 21ರಲ್ಲಿ ಮತ್ತೆ ಕೆಂಡದ ಬೆಂಕಿ, ‘ನನ್ನನ್ನು ಪ್ರೀತಿಸುತ್ತೀಯಾ?’ ಅಂತ ಯೇಸುವಿನಿಂದ ಮೂರು ಸಲ ಪ್ರಶ್ನೆ. ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳುತ್ತೇವೆ. ಗಲಾತ್ಯ 2 ನೋಡಿ, ಅಂತಿಯೋಕ್ಯ ಪಟ್ಟಣದಲ್ಲಿ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಜೊತೆ ಊಟ ಮಾಡುತ್ತಿದ್ದವನು ಮಂದಿಗೆ ಹೆದರಿ ಮತ್ತೆ ಹಿಂದೆ ಸರಿದ. ಹಳೆಯ ಹೆದರಿಕೆಯೇ. ನನ್ನ ರೋಗ ದುಡ್ಡಿನ ಆಸೆ ಅಂತ ಬಹಳ ದಿನ ತಿಳಿದಿದ್ದೆ. ನೋಟ್‌ಬುಕ್ ನೋಡಿದರೆ ಬೇರೆಯೇ ಇತ್ತು: ‘ನನ್ನ ಹತ್ತಿರ ಇಲ್ಲ’ ಅನ್ನಲು ನಾಚಿಕೆ. ಈಗ ವ್ಯಾಪಾರಿ ಬಂದರೆ ಮೊದಲ ಮಾತೇ ಅದು. ರೂಢಿಯಾಗಿದೆ.

ಸುತ್ತಲಿನ ವ್ಯವಸ್ಥೆಯನ್ನೂ ಬದಲಾಯಿಸಿ, ಬರೀ ಮನಸ್ಸನ್ನು ನಂಬಬೇಡಿ. ನಮ್ಮ ಸಭೆಯಲ್ಲಿ ಈಗ ಮೂವರು ಎಣಿಸುತ್ತಾರೆ, ಮೂವರೂ ಸಹಿ ಹಾಕುತ್ತಾರೆ, ಪೆಟ್ಟಿಗೆ ಯಾರ ಮನೆಗೂ ಹೋಗುವುದಿಲ್ಲ. ಆ ಮೂವರಲ್ಲಿ ನಾನಿಲ್ಲ. ನಾನೇ ಕೇಳಿಕೊಂಡಿದ್ದು.

ಕಳೆದ ಸುಗ್ಗಿ ಹಬ್ಬದಲ್ಲಿ ಹರಾಜು ಕೂಗುವ ಕೆಲಸ ನನಗೆ ಕೊಟ್ಟಿದ್ದರು. ಗಂಟಲು ದೊಡ್ಡದು, ಅದಕ್ಕೆ. ಅಣ್ಣಾರು ಹಿಂದಿನ ಬೆಂಚಿನಲ್ಲಿದ್ದರು, ನನ್ನ ಕಡೆ ನೋಡಲಿಲ್ಲ. ವೈನಿ ಒಂದು ಕುಂಬಳಕಾಯಿಯನ್ನು 210 ರೂಪಾಯಿಗೆ ಕೂಗಿದರು. ಹರಾಜು ಮುಗಿದ ಮೇಲೆ ನೋಟುಗಳನ್ನು ಹಿಡಿದು ನೇರ ನನ್ನ ಹತ್ತಿರ ಬಂದು ಕೈ ಚಾಚಿದರು. ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡು, ಎಣಿಸುವವರ ಮೇಜಿನ ಕಡೆ ತಲೆ ಆಡಿಸಿದೆ.